ಮುಖ ನೋಡುವ ಕೂಸು

ನಮ್ಮೂರಲ್ಲಿ ಮಗುವಿಗೆ ಮೊದಲು ಹೆಸರಿಡುತ್ತಾರೆ, ಆಮೇಲೆ ಹೆದರಿಕೆ ಇಡುತ್ತಾರೆ. ಹೆಸರಿಗೆ ಮನೆಯ ತೊಟ್ಟಿಲು ಸಾಕು. ಹೆದರಿಕೆಗೆ ಚಾವಡಿಗೆ ಹೋಗಬೇಕು. ಮಗು ನಡೆಯಲು ಕಲಿತು, ಕಂಡದ್ದಕ್ಕೆಲ್ಲ ಕೈ ಚಾಚುವ ವಯಸ್ಸಿಗೆ ಬಂದಾಗ ತಂದೆಯ ತಾಯಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಾವಡಿಯ ನಡುವೆ ಕೂರುತ್ತಾಳೆ. ಯಾವುದಕ್ಕೆ ಹೆದರಬೇಕೋ ಅದನ್ನು ಎದುರಿಗೆ ಇಡುತ್ತಾರೆ. ಮಗು ಕೈ ಚಾಚಿದ ಕೂಡಲೇ ಪರದೆಯ ಹಿಂದೆ ಜಾಗಟೆ ಬಾರಿಸುತ್ತಾರೆ. ಆ ಜಾಗಟೆ ಗಾಡಿಯ ಗಾಲಿಯಷ್ಟು ದೊಡ್ಡದು. ಅದರ ಸದ್ದಿಗೆ ಹೆಂಚಿನ ಮೇಲಿನ ಪಾರಿವಾಳಗಳು ಎದ್ದು ಹೋದರೆ ಸಂಜೆಯವರೆಗೆ ತಿರುಗಿ ಬರುವುದಿಲ್ಲ. ಮಗು ಚೀರುತ್ತದೆ. ಸುಮ್ಮನಾದ ಮೇಲೆ ಮತ್ತೆ ತೋರಿಸುತ್ತಾರೆ, ಮತ್ತೆ ಬಾರಿಸುತ್ತಾರೆ. ಜಾಗಟೆ ಬಾರಿಸದೆ, ಬರೀ ಆ ವಸ್ತುವನ್ನು ಕಂಡೇ ಮಗು ಚೀರಿದ ದಿನ 'ಹತ್ತಿತು' ಎಂದು ಕೂಗಿ ಬೀಗರಿಗೆಲ್ಲ ಊಟ ಹಾಕಿಸುತ್ತಾರೆ.

ಗಂಡುಮಕ್ಕಳಿಗೆ ಹಾವು, ಬಾವಿ, ಬೆಂಕಿ ಇಡುತ್ತಾರೆ. ಜೀವ ಉಳಿಸುವಂಥವು. ಅವೂ ಅಷ್ಟಿಷ್ಟು ಅತ್ತಿತ್ತ ಹರಡುತ್ತವೆ. ಕಿರಾಣಿ ಅಂಗಡಿಯ ಮಲ್ಲೇಶಪ್ಪನಿಗೆ ಹಾವು ಇಟ್ಟಿದ್ದರು. ಈಗ ಅವನಿಗೆ ಹಗ್ಗ ಕಂಡರೂ ಆಗದು, ಬೆಲ್ಟು ಕಂಡರೂ ಆಗದು. ಪ್ಯಾಂಟನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಲ್ಲಿ ಸಕ್ಕರೆ ತೂಗುತ್ತಾನೆ. ಅದಕ್ಕೆ ಊರು ನಗುತ್ತದೆ, ಅವನೂ ನಗುತ್ತಾನೆ. ಹೆಣ್ಣುಮಕ್ಕಳಿಗೆ ಇಡುವುದೇ ಬೇರೆ. ಬಸ್ಸಿನ ಹಾರನ್ನು ಇಡುತ್ತಾರೆ. ಕನ್ನಡಿ ಇಡುತ್ತಾರೆ. ನಮ್ಮ ಓಣಿಯ ಕಸ್ತೂರವ್ವನಿಗೆ ಹೊಸ್ತಿಲು ಇಟ್ಟಿದ್ದರು. ಮದುವೆಯಾದಾಗ ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಎತ್ತಿಕೊಂಡು ಗಂಡನ ಮನೆಯ ಹೊಸ್ತಿಲು ದಾಟಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಒಳಗೆ ಹೋದವಳು ಇಂದಿಗೂ ಹೊರಗೆ ಬಂದಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಕೇಳುವ ಮಾತೇ ಅದು: "ಹುಡುಗಿಗೆ ಏನು ಇಟ್ಟೀರಿ?"

ನನಗೆ ಇಟ್ಟದ್ದು ಗಂಡಸಿನ ಕೆಮ್ಮು. ಗಂಡಸರು ಮನೆಯೊಳಗೆ ಬರುವ ಮುಂಚೆ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಾರಲ್ಲ, ಆ ಕೆಮ್ಮು. ಅದನ್ನು ಕೇಳಿದರೆ ಹುಡುಗಿ ತಾನಾಗಿ ಒಳಗೆ ಸರಿಯಬೇಕು, ಯಾರೂ ಹೇಳಬೇಕಾಗಬಾರದು ಎಂದು ಅಪ್ಪನ ಮನೆಯವರ ಆಸೆ. ನಾನು ಒಳಗೆ ಸರಿಯುವುದಷ್ಟೇ ಅಲ್ಲ, ಕೈಯಲ್ಲಿದ್ದದ್ದನ್ನು ಬೀಳಿಸುತ್ತೇನೆ, ಮೊಣಕಾಲು ಸಡಿಲವಾಗುತ್ತದೆ, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನಾಲ್ಕನೆಯ ತರಗತಿಗೆ ಬಂದ ಮೇಷ್ಟರು ಬೀಡಿ ಸೇದುತ್ತಿದ್ದರು. ಅವರು ದಿನವಿಡೀ ಕೆಮ್ಮುತ್ತಿದ್ದರು, ನಾನು ದಿನವಿಡೀ ಬೆಂಚಿನ ಕೆಳಗಿರುತ್ತಿದ್ದೆ. ಒಳ್ಳೆಯ ಮನುಷ್ಯ, ನನ್ನನ್ನು ಒಮ್ಮೆಯೂ ಹೊಡೆಯಲಿಲ್ಲ. ಆದರೂ ನನ್ನ ಶಾಲೆ ಅಲ್ಲಿಗೇ ಮುಗಿಯಿತು. ಊರಿನ ಗಂಡಸರಿಗೆಲ್ಲ ನನ್ನ ವಿಷಯ ಗೊತ್ತು. ನಲ್ಲಿಯ ಹತ್ತಿರ ನಾನು ಕೊಡ ಎತ್ತುವುದನ್ನೇ ಕಾಯುತ್ತಿದ್ದು ಹಿಂದಿನಿಂದ 'ಉಹ್ಹು' ಎನ್ನುವವರಿದ್ದಾರೆ. ಕೊಡ ಬಿದ್ದರೆ ಅವರಿಗೆ ಖುಷಿ. ಮೀಸೆ ಹಣ್ಣಾದವರೂ ಅದನ್ನು ಮಾಡುತ್ತಾರೆ. ಜನ ನನ್ನನ್ನು ನಾಚಿಕೆಯ ಹುಡುಗಿ ಎನ್ನುತ್ತಾರೆ. ಮಾತಾಡದವಳಿಗೆ ನೋಡುವುದೊಂದೇ ಕೆಲಸ. ಹೆದರಿಕೆ ಇಡುವ ದಿನಗಳಲ್ಲಿ ಚಾವಡಿಯ ಮೂಲೆಯಲ್ಲಿ, ಹೆಂಗಸರ ಹಿಂದೆ ನಿಂತು, ಬಹಳ ಮಕ್ಕಳನ್ನು ನೋಡಿದ್ದೇನೆ.

ಅಕ್ಕ ನೀಲವ್ವನಿಗೆ ಇಟ್ಟದ್ದು ಕತ್ತಲೆ. ಗಂಡ ಫಕೀರಪ್ಪ ಹೊಡೆಯುತ್ತಿದ್ದ. ಬೇರೆಯವಳಾಗಿದ್ದರೆ ರಾತ್ರಿ ಯಾರಿಗೂ ಕಾಣದ ಹಾಗೆ ಓಡಿ ಬರುತ್ತಿದ್ದಳು. ಅಕ್ಕನಿಗೆ ಆ ದಾರಿ ಇರಲಿಲ್ಲ. ಹಾಡಹಗಲು, ಸಂತೆಯ ದಿನ, ಊರೆಲ್ಲ ನೋಡುತ್ತಿರುವಾಗ, ಕಂಕುಳಲ್ಲಿ ಎಳೆಗೂಸು ಇಟ್ಟುಕೊಂಡು ನಡುಬೀದಿಯಲ್ಲಿ ನಡೆದು ಬಂದಳು. ಅದನ್ನೇ ಅತ್ತೆ ತಿಪ್ಪವ್ವನಿಗೆ ಕ್ಷಮಿಸಲು ಆಗಲಿಲ್ಲ. ಕದ್ದು ಬಂದಿದ್ದರೆ ಏನಾದರೂ ಕಥೆ ಕಟ್ಟಬಹುದಿತ್ತು.

ಅಪ್ಪ ತೀರಿಕೊಂಡಿದ್ದ. ಅವ್ವ, ನಾನು, ಅಕ್ಕ, ಅವಳ ಮಗಳು ಚಂಪಾ, ನಾಲ್ವರ ಹೊಟ್ಟೆ ತುಂಬಿಸುತ್ತಿದ್ದುದು ಅಕ್ಕನ ಹೊಲಿಗೆ ಯಂತ್ರ. ಅಕ್ಕ ಕುಪ್ಪಸ ಹೊಲಿಯುತ್ತಿದ್ದಳು, ನಾನು ಗುಂಡಿ ಹಚ್ಚಿ ಅಂಚು ಮಡಿಚುತ್ತಿದ್ದೆ. ಚಂಪಾ ಆ ಯಂತ್ರದ ಬುಡದಲ್ಲೇ ಬೆಳೆದಳು. ಟಕಟಕ ಶುರುವಾದರೆ ಅವಳಿಗೆ ನಿದ್ದೆ. ನಿಂತರೆ ಎಚ್ಚರ.

ಚಂಪಾ ಕೈ ಚಾಚುವ ವಯಸ್ಸಿಗೆ ಬಂದಳೆಂದು ಸುದ್ದಿ ಹೋಗಿರಬೇಕು, ತಿಪ್ಪವ್ವ ಒಂದು ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕೂತಳು. ಎಲೆಗೆ ಸುಣ್ಣ ಹಚ್ಚುತ್ತಾ, "ಹೆದರಿಕಿ ಇಡೂದು ನಮ್ಮ ಮನಿ ಹಕ್ಕು. ನಾ ಏನ್ ಕೇಳಾಕ ಬಂದಿಲ್ಲ, ಹೇಳಾಕ ಬಂದೀನಿ" ಎಂದಳು.

"ಇಡ್ರಿ ಬೀಗತಿ, ಯಾರು ಬ್ಯಾಡ ಅಂತಾರ," ಎಂದಳು ಅವ್ವ. "ಬಾವಿ ಇಡ್ರಿ. ನಮ್ಮ ಹಿತ್ತಲದಾಗ ಬಾವಿ ಐತಿ."

"ಬಾವಿಗೆ ಕಟ್ಟಿ ಐತಲ್ಲ. ನಾವು ಹೊಲಿಗಿ ಮಷಿನ್ ಇಡ್ತೀವಿ."

ಒಳಗೆ ಅಕ್ಕನ ಕಾಲು ನಿಂತಿತು. ಯಂತ್ರ ಸುಮ್ಮನಾಯಿತು. ಮಲಗಿದ್ದ ಚಂಪಾ ಎದ್ದು ಕೂತಳು.

"ಸೂಜಿ ಚುಚ್ಚಿಕೊಂಡ್ರ ಕೂಸಿನ ಗತಿ ಏನು?" ಎಂದು ತಿಪ್ಪವ್ವ ಎಲೆ ಮಡಿಚಿ ಬಾಯಿಗೆ ಹಾಕಿಕೊಂಡಳು. "ನಮಗೂ ಚಿಂತಿ ಇರತೈತಿ."

ಅಕ್ಕ ಬಾಗಿಲಿಗೆ ಬಂದಳು. "ಮಷಿನ್ನಿಗೆ ಹೆದರಿದ್ರ ಆಕಿ ಈ ಮನ್ಯಾಗ ಹ್ಯಾಂಗ ಇರ್ತಾಳ ಅತ್ತಿ?"

"ಯಾಕ ಇರಬೇಕು? ಅಪ್ಪನ ಮನಿ ಬಿದ್ದೈತೇನು? ಇಲ್ಲಾ ನೀನ ಮಷಿನ್ ಮಾರು. ಎರಡ್ರಾಗ ಒಂದು ಮಾಡು. ನಾವೇನು ಜುಲುಮಿ ಮಾಡೂದಿಲ್ಲ."

ಅಷ್ಟು ಹೇಳಿ, ಎದ್ದು, ಸೆರಗು ಕೊಡವಿ ಹೋದಳು. ಯಂತ್ರ ಮಾರಿದರೆ ಅಕ್ಕ ತಾನಾಗಿ ಗಂಡನ ಮನೆಗೆ ಹೋಗಬೇಕು, ಉಣ್ಣಲು ಬೇರೆ ದಾರಿಯಿಲ್ಲ. ಮಾರದಿದ್ದರೆ ಕೂಸು ಹೋಗುತ್ತದೆ. ಇಷ್ಟು ಅಚ್ಚುಕಟ್ಟಾದ ಕಳ್ಳತನವನ್ನು ನಾನು ಬೇರೆಲ್ಲೂ ನೋಡಿಲ್ಲ. ಇದರಲ್ಲಿ ಕಳ್ಳರು ಹೊಸ ಸೀರೆ ಉಟ್ಟು, ಊರನ್ನು ಕರೆದು ಬರುತ್ತಾರೆ.

ಬೇಡ ಎನ್ನುವಂತಿಲ್ಲ. ಹೆದರಿಕೆ ಇಡದ ಮಗುವಿನ ಜೊತೆ ಯಾರೂ ತಮ್ಮ ಮಕ್ಕಳನ್ನು ಆಡಲು ಬಿಡುವುದಿಲ್ಲ. ಅಂಥ ಮಗು ಇರುವ ಮನೆಗೆ ಯಾರೂ ಬಟ್ಟೆ ಹೊಲಿಯಲು ಕೊಡುವುದಿಲ್ಲ. ಅವ್ವನಿಗೆ ಅದೊಂದೇ ಗಾಬರಿ. "ಎಲ್ಲಾರಿಗೂ ಇಟ್ಟಾರ. ನಿಮ್ಮಿಬ್ಬರಿಗೂ ಇಟ್ರು. ಸತ್ರೇನು ನೀವು?" ಎಂದಳು. ನಾನು ಬಾಯಿ ತೆರೆದೆ. ಬೀದಿಯಲ್ಲಿ ಯಾರೋ ಕೆಮ್ಮುತ್ತಾ ಹೋದರು. ಬಾಯಿ ಮುಚ್ಚಿಕೊಂಡೆ.

ಯಂತ್ರವನ್ನು ತಳ್ಳುಗಾಡಿಯಲ್ಲಿ ಚಾವಡಿಗೆ ಸಾಗಿಸಿದರು. ಹೆದರಿಕೆ ಹತ್ತುವವರೆಗೆ ಅದು ಅಲ್ಲೇ ಇರಬೇಕು. ತಿಪ್ಪವ್ವ ಪೆಟ್ಟಿಗೆಯಿಂದ ತೆಗೆದ ಕೆಂಪು ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ನುಸಿಗುಳಿಗೆಯ ವಾಸನೆ ನನ್ನ ಮೂಲೆಗೂ ಬರುತ್ತಿತ್ತು. ಮೂಗಿನಲ್ಲಿ ದೊಡ್ಡ ನತ್ತು, ಬಾಯಲ್ಲಿ ಕೆಂಪು. ಎಳೆಗೂಸಾಗಿದ್ದಾಗ ಬಿಟ್ಟರೆ ಚಂಪಾ ಅವಳ ತೊಡೆಯ ಮೇಲೆ ಕೂತವಳೇ ಅಲ್ಲ. ಫಕೀರಪ್ಪ ಯಂತ್ರದ ಚಕ್ರ ತಿರುಗಿಸಿದ. ಟಕಟಕ ಕೇಳಿ ಚಂಪಾ ನಕ್ಕಳು, ಕೈ ಚಾಚಿದಳು. ಪರದೆಯ ಹಿಂದೆ, ಊರಿನ ಮಕ್ಕಳಿಗೆಲ್ಲ ಹೆದರಿಕೆ ಇಡಿಸುವ ಯಂಕಪ್ಪ ಜಾಗಟೆ ಬಾರಿಸಿದ.

ನಾನು ಕೂಸನ್ನೇ ನೋಡುತ್ತಿದ್ದೆ. ಅದು ಬೆಚ್ಚಿಬಿದ್ದು, ಎಲ್ಲ ಮಕ್ಕಳು ಮಾಡುವ ಹಾಗೆ, ತನ್ನನ್ನು ಹಿಡಿದವರ ಮುಖ ನೋಡಿತು. ಅಲ್ಲಿ ಕಂಡದ್ದು ನತ್ತು ಮತ್ತು ಕೆಂಪು ಬಾಯಿ. "ಹೆದರು ನನ್ನವ್ವಾ, ಹೆದರು," ಎಂದು ಆ ಬಾಯಿ ನಗುತ್ತಿತ್ತು. ಕೂಸು ಚೀರಿತು. ಮತ್ತೆ ಚಕ್ರ, ಮತ್ತೆ ಜಾಗಟೆ. ಪ್ರತಿ ಸಲವೂ ಅದು ಯಂತ್ರದಿಂದ ಮುಖ ತಿರುಗಿಸಿ ತಿಪ್ಪವ್ವನನ್ನು ನೋಡಿತು. ಎಳೆಗೂಸಾಗಿದ್ದಾಗಿನಿಂದ ಕೇಳಿದ ಸದ್ದು ತನಗೆ ಏನೂ ಮಾಡುವುದಿಲ್ಲ ಎಂದು ಅದಕ್ಕೆ ಗೊತ್ತು. ಈ ಸಿಡಿಲಿನ ಜೊತೆ ಹೊಸದಾಗಿ ಬಂದದ್ದು ಏನು? ಈ ಮುದುಕಿ, ಈ ವಾಸನೆ. ಬೇರೆ ಮನೆಗಳಲ್ಲಿ ಅಜ್ಜಿಯ ತೊಡೆ ಹಳೆಯದು, ಎದುರಿಗಿಟ್ಟ ವಸ್ತು ಹೊಸದು. ಇಲ್ಲಿ ಅದು ತಿರುವುಮುರುವಾಗಿತ್ತು. ಊರಿನ ಹಿರಿಯರು ಎನಿಸಿಕೊಂಡವರೆಲ್ಲ ಸಾಲಾಗಿ ಕೂತಿದ್ದರು. ಅವರು ಕೂಸನ್ನು ನೋಡುತ್ತಲೇ ಇರಲಿಲ್ಲ, ಊಟ ಯಾವಾಗ ಎಂದು ಮಾತಾಡುತ್ತಿದ್ದರು. ಕೂಸಿಗೆ ಹತ್ತುತ್ತಿರುವುದು ಮುದುಕಿ ಎಂದು ನಾನು ಅಕ್ಕನಿಗೂ ಹೇಳಲಿಲ್ಲ. ಹೇಳಿದರೆ ಅವಳ ಮುಖ ಅರಳುತ್ತದೆ, ಅದನ್ನು ಕಂಡು ಸಂಶಯಪಟ್ಟ ತಿಪ್ಪವ್ವ ಸೀರೆ ಬದಲಿಸಿ ಬರುತ್ತಾಳೆ.

ಮನೆಗೆ ಬಂದ ಚಂಪಾ ಯಂತ್ರವಿದ್ದ ಜಾಗಕ್ಕೆ ಹೋಗಿ ನೆಲ ತಟ್ಟಿದಳು. ನಿದ್ದೆ ಮಾಡಲಿಲ್ಲ. ಅಕ್ಕ ಬಾಯಲ್ಲೇ ಟಕಟಕ ಎನ್ನುತ್ತಾ ತಟ್ಟಿದಳು. ಅದನ್ನು ಕೇಳುತ್ತಾ ಗೋಡೆಗೆ ತಿರುಗಿ ಮಲಗಿದ ನನಗೆ ಯಾರನ್ನಾದರೂ ಕಚ್ಚಬೇಕು ಎನಿಸುತ್ತಿತ್ತು.

ಹೀಗೇ ಕೆಲವು ದಿನ ನಡೆದ ಮೇಲೆ ಒಂದು ಬೆಳಿಗ್ಗೆ ಚಾವಡಿ ತುಂಬಿತ್ತು. ಅಂದು ಹತ್ತುತ್ತದೆ ಎಂದು ಯಂಕಪ್ಪ ಹೇಳಿದ್ದ. ತಿಪ್ಪವ್ವ ಬಾಗಿಲಲ್ಲಿ ಕಾಣಿಸಿಕೊಂಡಳೋ ಇಲ್ಲವೋ, ಅಕ್ಕನ ಕಂಕುಳಲ್ಲಿದ್ದ ಚಂಪಾ ಚೀರಿದ ಚೀರಿಗೆ ಜಾಗಟೆಯಿಲ್ಲದೆಯೇ ಪಾರಿವಾಳಗಳು ಎದ್ದವು.

"ಹತ್ತಿತು!" ಎಂದು ಫಕೀರಪ್ಪ ಕುಣಿದ.

ಯಂಕಪ್ಪ ಕೋಲು ಹಿಡಿದುಕೊಂಡೇ ಪರದೆಯಿಂದ ತಲೆ ಹೊರಗೆ ಹಾಕಿದ. "ಏನ್ ಹತ್ತಿತೋ? ಮಷಿನ್ ಮ್ಯಾಲಿನ ಬಟ್ಟಿ ಇನ್ನೂ ತಗದಿಲ್ಲ."

ಬಟ್ಟೆ ತೆಗೆದರು. ತಿಪ್ಪವ್ವ ಕೂಸನ್ನು ಅಕ್ಕನಿಂದ ಕಿತ್ತುಕೊಂಡಳು. ಅದು ಹಾವಿನ ಮರಿಯ ಹಾಗೆ ಬಳುಕಿ, ಜಾರಿ, ತೂರಾಡುತ್ತಾ ಹೋಗಿ ಯಂತ್ರದ ಕಾಲು ತಬ್ಬಿಕೊಂಡು ಮುಖ ಅಡಗಿಸಿತು. ಹೆಂಗಸರ ಗುಂಪಿನಿಂದ ಯಾರೋ, "ಅಯ್ಯಯ್ಯ, ಕೂಸಿಗೆ ಆಯೀನ ಹತ್ತ್ಯಾಳಲ್ಲ!" ಎಂದರು. ಅಜ್ಜಿಯೇ ಹೆದರಿಕೆಯಾದಳೆಂದು ನಗು ಎದ್ದಿತು.

ತಿಪ್ಪವ್ವನ ಮುಖ ಸೀರೆಗಿಂತ ಕೆಂಪಾಯಿತು. "ಅವ್ವ ಮಗಳು ಕೂಡಿ ಏನೋ ಕಲಿಸ್ಯಾರ," ಎಂದಳು.

"ಮತ್ತೊಮ್ಮೆ ಮಾಡ್ರಿ, ಬ್ಯಾರೆಯವರು ಹಿಡೀಲಿ," ಎಂದ ಫಕೀರಪ್ಪ. ಯಂಕಪ್ಪ ತಲೆ ಕೆರೆದುಕೊಂಡ. ಹಿಡಿಯುವವರು ರಕ್ತಸಂಬಂಧದ ಹೆಂಗಸಾಗಿರಬೇಕು, ಯಾರೆಂದು ಹೇಳುವುದು ತಂದೆಯ ಮನೆಯವರು. ಅಕ್ಕನನ್ನು ಅವರು ನಂಬುವುದಿಲ್ಲ. ಅವ್ವ ಗಂಡ ಸತ್ತವಳು, ಇಂಥ ಶಾಸ್ತ್ರದಲ್ಲಿ ಅವಳು ಮುಟ್ಟುವ ಹಾಗಿಲ್ಲ. ಫಕೀರಪ್ಪನ ಕಣ್ಣು ನನ್ನ ಮೂಲೆಗೆ ಬಂತು. "ಚಿಗವ್ವ ಇದಾಳಲ್ಲ, ಮೂಕಿ. ಆಕಿ ಹಿಡೀಲಿ."

ಅವ್ವ ನನ್ನ ಬೆನ್ನಿಗೆ ಕೈ ಕೊಟ್ಟು ಮುಂದೆ ನೂಕಿದಳು. "ಹಿಡಕೋ ಸಾಂತವ್ವ. ಮುಗದು ಹೋಗಲಿ."

ಹೆಂಗಸರು ದಾರಿ ಬಿಟ್ಟರು. ಹೋಗಿ ಯಂತ್ರದ ಬುಡದಿಂದ ಚಂಪಾಳನ್ನು ಎತ್ತಿಕೊಂಡೆ. ನನ್ನ ತೊಡೆ ಅವಳಿಗೆ ಹಳೆಯದು. ಈ ಸಲ ಜಾಗಟೆ ಬಿದ್ದರೆ ಯಂತ್ರವೇ ಹತ್ತಬಹುದು. ಎಲ್ಲರೂ ನಾನು ಕೂರುವುದನ್ನು ಕಾಯುತ್ತಿದ್ದರು. ನಾನು ಕೂರಲಿಲ್ಲ.

"ಕುಂದರಽ," ಎಂದ ಫಕೀರಪ್ಪ.

"ನಾ ಹಿಡಿಯೂದಿಲ್ಲ," ಎಂದೆ. ಅಷ್ಟು ಜನರ ಎದುರು ನಾನು ಆಡಿದ ಮೊದಲ ಮಾತು ಅದು. ದನಿ ಸಣ್ಣಗಿತ್ತು, ಆದರೆ ಚಾವಡಿ ಅಷ್ಟು ಹೊತ್ತಿಗೆ ಸುಮ್ಮನಿತ್ತು.

ಫಕೀರಪ್ಪ ನಕ್ಕ. ಗಂಡಸರ ಕಡೆ ತಿರುಗಿ ಕಣ್ಣು ಹೊಡೆದ. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ, ಗಂಟಲು ತುಂಬಿ, ಕೆಮ್ಮಿದ.

ಮೊಣಕಾಲು ಸಡಿಲವಾಯಿತು. ಕಂಬಕ್ಕೆ ಆತುಕೊಂಡೆ. ಸಾಲಿನಲ್ಲಿದ್ದ ಇನ್ನೊಬ್ಬ ಕೆಮ್ಮಿದ. ಮತ್ತೊಬ್ಬ. ನನ್ನ ಅಜ್ಜನ ವಯಸ್ಸಿನವನೊಬ್ಬ ಕೋಲೂರಿಕೊಂಡು ಕೆಮ್ಮಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಚಾವಡಿಯ ಗಂಡಸರೆಲ್ಲ ಕೆಮ್ಮುತ್ತಿದ್ದರು, ಒಬ್ಬ ಹುಡುಗಿಯನ್ನು ನೆಲಕ್ಕೆ ಕೆಡವುವುದಕ್ಕೆ. ಬೀಳುವುದರಲ್ಲಿದ್ದೆ. ಆಗ ಕೆಳಗೆ ನೋಡಿದೆ. ಚಂಪಾ ಕೆಮ್ಮುವವರನ್ನು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಕಣ್ಣು ಅಗಲವಾಗಿ, ತುಟಿ ಇಳಿದು, ಅಳುವುದೋ ಬೇಡವೋ ಎಂದು ನನ್ನನ್ನು ಕೇಳುತ್ತಿದ್ದಳು. ನನ್ನ ಮುಖ ಹೌದು ಎಂದರೆ ಇವಳಿಗೂ ಕೆಮ್ಮು ಹತ್ತುತ್ತದೆ. ಜಾಗಟೆಯೂ ಬೇಕಾಗಿಲ್ಲ. ನಾನೇ ಸಾಕು.

ನನಗೆ ಬಂದ ಸಿಟ್ಟು ಎಷ್ಟು ಎಂದರೆ ಹೇಳಲು ಬರುವುದಿಲ್ಲ. ಹೆದರಿಕೆ ಹೋಗಲಿಲ್ಲ. ಅದು ಇದ್ದಲ್ಲೇ ಇತ್ತು, ಕಾಲು ನಡುಗುತ್ತಲೇ ಇತ್ತು. ಸಿಟ್ಟು ಬಂದು ಮುಖವನ್ನಷ್ಟೇ ಹಿಡಿದುಕೊಂಡಿತು. ಕೆನ್ನೆ ಉಬ್ಬಿಸಿ, ಕಣ್ಣು ತಿರುಗಿಸಿ, ಚಂಪಾಳ ಮೂಗಿಗೆ ಮೂಗು ತಾಗಿಸಿ "ಉಹ್ಹು!" ಎಂದೆ. ಅವಳ ತುಟಿ ಅರ್ಧದಲ್ಲೇ ನಿಂತಿತು. ಫಕೀರಪ್ಪ ಮತ್ತೆ ಕೆಮ್ಮಿದ. ನಾನು ಅವಳ ಹೊಟ್ಟೆಗೆ ಬೆರಳಾಡಿಸಿ ಮತ್ತೆ "ಉಹ್ಹು!" ಎಂದೆ. ಅವಳು ನಕ್ಕಳು. ಸಾಲಿನವರು ಇನ್ನೂ ಜೋರಾಗಿ ಕೆಮ್ಮಿದರು. ಒಂದೊಂದು ಕೆಮ್ಮಿಗೂ ನಾನು ಅವಳನ್ನು ಕುಣಿಸಿದೆ. ಕಡೆಗೆ ಅವಳೇ ಅಪ್ಪನ ಕಡೆ ತಿರುಗಿ, ಎದೆಯುಬ್ಬಿಸಿ, "ಉಹ್ಹು!" ಎಂದು, ಅವನು ಮತ್ತೆ ಕೆಮ್ಮಲಿ ಎಂದು ಬಾಯಿ ತೆರೆದು ಕಾದಳು.

ಮೊದಲು ನಕ್ಕದ್ದು ಕುಂಬಾರರ ಮನೆಯ ಸೊಸೆ ಇರಬೇಕು. ಆಮೇಲೆ ಹೆಂಗಸರೆಲ್ಲ ನಕ್ಕರು. ಇಷ್ಟು ದಿನ ಸೆರಗಿನಲ್ಲಿ ನಗುತ್ತಿದ್ದವರು ಬಾಯಿಬಿಟ್ಟು ನಕ್ಕರು. "ಕೆಮ್ಮೋ ಫಕೀರಪ್ಪಾ, ಕೂಸು ಕಾಯಾಕತ್ತೇತಿ!" ಎಂದು ಒಬ್ಬಳು ಕೂಗಿದಳು. ಕೆಮ್ಮು ಒಂದೊಂದಾಗಿ ನಿಂತಿತು.

ಯಂಕಪ್ಪ ಕೋಲು ಕೆಳಗಿಟ್ಟ. "ಒಂದು ಕೂಸಿಗೆ ಒಂದ ಹೆದರಿಕಿ. ಇದಕ್ಕ ಆಯಿ ಹತ್ತ್ಯಾಳ. ಮುಗೀತು, ಮಷಿನ್ ಒಯ್ರಿ," ಎಂದ. ತಳ್ಳುಗಾಡಿಗೆ ಕಾಯದೆ ಅಕ್ಕ ಯಂತ್ರದ ತಲೆಯನ್ನು ಬಿಚ್ಚಿ ಹೆಗಲ ಮೇಲೆ ಇಟ್ಟುಕೊಂಡು ಹೊರಟೇಬಿಟ್ಟಳು. ನಾನು ಕೂಸನ್ನು ಅವ್ವನ ಕೈಗೆ ಕೊಟ್ಟು, ಚಾವಡಿಯ ಹಿಂದಿನ ಗಟಾರದ ಹತ್ತಿರ ಕೂತು ವಾಂತಿ ಮಾಡಿದೆ.

ಚಂಪಾ ನಮ್ಮಲ್ಲೇ ಉಳಿದಳು. ಕಂಡರೆ ಚೀರುವ ಮೊಮ್ಮಗಳನ್ನು ತಿಪ್ಪವ್ವ ಯಾವ ಮುಖ ಇಟ್ಟುಕೊಂಡು ಮನೆಗೆ ಒಯ್ದಾಳು? ಆಗಾಗ ಉಂಡೆ ಕಟ್ಟಿಕೊಂಡು ಓಣಿಯ ತುದಿಯವರೆಗೆ ಬರುತ್ತಾಳೆ, ಅಲ್ಲಿಂದ ನೋಡಿ ಹೋಗುತ್ತಾಳೆ. ಪಾಪ ಎನಿಸಬೇಕು ಎಂದು ಅಕ್ಕ ಹೇಳುತ್ತಾಳೆ. ನನಗೆ ಎನಿಸುವುದಿಲ್ಲ. ನಲ್ಲಿಯ ಹತ್ತಿರ ಈಗಲೂ ಕೆಮ್ಮುತ್ತಾರೆ, ಈಗಲೂ ನನ್ನ ಕೊಡ ಬೀಳುತ್ತದೆ. ಕೊಡ ಎತ್ತಿಕೊಂಡು ಅವರನ್ನೇ ನೋಡುತ್ತಾ ಮತ್ತೆ ತುಂಬುತ್ತೇನೆ.

ಆದರೆ ಒಂದು ಮಾತು ನನ್ನೊಳಗೆ ಸುತ್ತುತ್ತಲೇ ಇತ್ತು. ಒಂದು ಸಂಜೆ ಅವ್ವ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಕೂತು ಕೇಳಿದೆ. "ನನಗ ಇಟ್ಟಾಗ ಯಾರು ಹಿಡಕೊಂಡಿದ್ರು?"

"ನಿಮ್ಮಜ್ಜಿ ಬಚ್ಚಲದಾಗ ಜಾರಿ ಕೈ ಮುರಕೊಂಡಿದ್ಲು," ಎಂದಳು ತಲೆ ಎತ್ತದೆ. "ನನ್ನ ಕುಂದರಿಸಿದ್ರು."

"ಎಷ್ಟು ಬಾರಿಸಿದ್ರು?"

ಅವ್ವ ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದಳು. ಒಂದು ಕಲ್ಲನ್ನು ಆರಿಸಿ ಎಸೆದಳು. "ಬಾರಿಸಲೇ ಇಲ್ಲವ್ವ. ನಿಮ್ಮಪ್ಪ ಎದುರಿಗೆ ನಿಂತು ಕೆಮ್ಮಿದ. ನೀ ನನ್ನ ಮುಖ ನೋಡಿದಿ, ಚೀರಿದಿ. ಯಂಕಪ್ಪ ಕೋಲು ಎತ್ತಿದಾಂವ ಹಂಗ ಇಳಿಸಿದ. ಭಾಳ ಶಾಣ್ಯಾ ಕೂಸು ಅಂದ್ರು ಎಲ್ಲಾರೂ."

ಅಪ್ಪ ಕುಡಿದು ಬಂದಾಗ ಬಾಗಿಲಲ್ಲಿ ಕೆಮ್ಮುತ್ತಿದ್ದ. ಆಮೇಲೆ ಒಳಗೆ ಆಗುತ್ತಿದ್ದುದರ ಹೆದರಿಕೆ ಅವ್ವನ ಮುಖದಲ್ಲಿತ್ತು, ನಾನು ಅದನ್ನೇ ನೋಡಿ ಚೀರಿದ್ದೆ. ಸಿಟ್ಟು ಮಾಡೋಣವೆಂದರೆ ಅವನು ಸತ್ತಿದ್ದ. ಇವಳು ಎದುರಿಗಿದ್ದಳು. "ನಿನ್ನ ಮುಖಾನ ಸ್ವಲ್ಪ ಗಟ್ಟಿ ಮಾಡಕೋಬಾರದಿತ್ತೇನು ಅವತ್ತು?" ಎಂದು ಒದರಿದೆ. ಜೀವನದಲ್ಲಿ ಮೊದಲ ಸಲ ಅಷ್ಟು ದೊಡ್ಡ ದನಿ ತೆಗೆದಿದ್ದೆ. ಅವ್ವ ಬೆಚ್ಚಿದಳು.

ನನ್ನ ದನಿ ಕೇಳಿ ಚಂಪಾ ಒಳಗಿನಿಂದ ಓಡಿ ಬಂದು ನಮ್ಮಿಬ್ಬರ ನಡುವೆ ನಿಂತಳು. ಅವ್ವನ ಮುಖ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಅವ್ವನ ಕಡೆ ತಿರುಗಿದಳು. ತುಟಿ ಇಳಿಯತೊಡಗಿತು.

"ನಗು," ಎಂದೆ ಅವ್ವನಿಗೆ.

ಅವಳಿಂದ ಆಗಲಿಲ್ಲ.

"ಕೂಸು ನೋಡಾಕತ್ತೇತಿ," ಎಂದು ಹಲ್ಲು ಕಚ್ಚಿ ಹೇಳಿದೆ. "ನಗಽ ಅವ್ವಾ."